ನೆನಪನ್ನು ಕೇಳಿದವರ ಪಾಲು

ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎಂಬ ಗಾದೆ ಕಣ್ಣನ್ನು ಅನುಮಾನಿಸುತ್ತದೆ, ನೆನಪನ್ನಲ್ಲ. ಕಂಡದ್ದು ತಲೆಯೊಳಗೆ ಹಾಗೆಯೇ ಉಳಿದಿರುತ್ತದೆ, ಬೇಕಾದಾಗ ಹೊರತೆಗೆದು ನೋಡಿ ಮತ್ತೆ ಒಳಗಿಡಬಹುದು ಎಂದೇ ನಾವು ನಂಬಿರುತ್ತೇವೆ.

2000ದಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಕರೀಂ ನಾದರ್, ಗ್ಲೆನ್ ಶಾಫೆ ಮತ್ತು ಜೋಸೆಫ್ ಲೆಡೂ ಪ್ರಕಟಿಸಿದ ಪ್ರಯೋಗವೊಂದು ಈ ನಂಬಿಕೆಯನ್ನು ಅಲುಗಾಡಿಸಿತು. ಅವರು ಇಲಿಗಳಿಗೆ ಒಂದು ಸದ್ದು ಕೇಳಿಸಿ, ಜೊತೆಗೇ ವಿದ್ಯುತ್ ಆಘಾತ ಕೊಟ್ಟು, ಆ ಸದ್ದೆಂದರೆ ಹೆದರುವಂತೆ ಮಾಡಿದರು. ಆಮೇಲೊಂದು ದಿನ ಸದ್ದನ್ನಷ್ಟೇ ಕೇಳಿಸಿ, ಕೂಡಲೇ ಮೆದುಳಿನ ಅಮಿಗ್ಡಲಾ ಭಾಗಕ್ಕೆ ಪ್ರೋಟೀನ್ ತಯಾರಿಕೆಯನ್ನು ತಡೆಯುವ ಔಷಧ ಚುಚ್ಚಿದರು. ಮರುದಿನ ಹೆದರಿಕೆ ಬಹಳಷ್ಟು ಇಳಿದಿತ್ತು. ಸದ್ದು ಕೇಳಿಸದೆ ಔಷಧವನ್ನಷ್ಟೇ ಕೊಟ್ಟ ಇಲಿಗಳಲ್ಲಿ ಅದು ಇದ್ದಂತೆಯೇ ಇತ್ತು. ಗಟ್ಟಿಯಾಗಿ ಕೂತ ನೆನಪೂ ಎಚ್ಚರಗೊಂಡಾಗ ಸ್ವಲ್ಪ ಹೊತ್ತು ಮೆತ್ತಗಾಗುತ್ತದೆ, ಮತ್ತೆ ಗಟ್ಟಿಯಾಗುವಷ್ಟರಲ್ಲಿ ಬದಲಾಗಬಹುದು ಎಂದಾಯಿತು.

ಇಲಿಯ ಮೆದುಳಿನಿಂದ ನೇರ ನ್ಯಾಯಾಲಯಕ್ಕೆ ಜಿಗಿಯುವುದು ಅವಸರವೇ. ಆದರೂ ಇದನ್ನು ಓದುವಾಗಲೆಲ್ಲ ನನಗೆ ಜೆನಿಫರ್ ಥಾಂಪ್ಸನ್ ನೆನಪಾಗುತ್ತಾರೆ. 1984ರಲ್ಲಿ ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿ ಅತ್ಯಾಚಾರಕ್ಕೊಳಗಾದ ಆ ವಿದ್ಯಾರ್ಥಿನಿ, ಮುಂದೆ ಅವನನ್ನು ಗುರುತಿಸಲೇಬೇಕೆಂದು ಆ ಹೊತ್ತಿನಲ್ಲೂ ಅವನ ಮುಖವನ್ನು ಗಮನವಿಟ್ಟು ನೋಡಿದ್ದರು. ಪೊಲೀಸರು ಫೋಟೋಗಳನ್ನು ಮುಂದಿಟ್ಟಾಗ ರೊನಾಲ್ಡ್ ಕಾಟನ್‌ನನ್ನು ಆರಿಸಿದರು. ಬಳಿಕ ಸಾಲಾಗಿ ನಿಲ್ಲಿಸಿದವರಲ್ಲೂ ಅವನನ್ನೇ ತೋರಿಸಿದರು. ಫೋಟೋದಲ್ಲಿ ಆರಿಸಿದ್ದೂ ಇವನನ್ನೇ ಎಂದು ಪೊಲೀಸರು ಹೇಳಿದರು. ಸಾಕ್ಷಿ ಹೇಳುವ ಹೊತ್ತಿಗೆ ಅವರಲ್ಲಿ ಎಳ್ಳಷ್ಟೂ ಅನುಮಾನ ಉಳಿದಿರಲಿಲ್ಲ. ನಿಜವಾದ ಅಪರಾಧಿ ಬಾಬಿ ಪೂಲ್‌ನನ್ನು ಎರಡನೆಯ ವಿಚಾರಣೆಯಲ್ಲಿ ಎದುರಿಗೇ ತಂದು ನಿಲ್ಲಿಸಿದರೂ ಗುರುತು ಹತ್ತಲಿಲ್ಲ. ಕಾಟನ್ ಹತ್ತು ವರ್ಷಕ್ಕೂ ಹೆಚ್ಚು ಕಾಲ ಜೈಲಿನಲ್ಲಿದ್ದ. 1995ರಲ್ಲಿ ಡಿಎನ್‌ಎ ಪರೀಕ್ಷೆ ಅವನನ್ನು ಬಿಡಿಸಿತು. ಸತ್ಯ ತಿಳಿದ ಮೇಲೂ ಥಾಂಪ್ಸನ್ ಅವರ ಕಣ್ಣ ಮುಂದೆ ಬರುತ್ತಿದ್ದದ್ದು ಕಾಟನ್ ಮುಖವೇ.

ಅವರು ಸುಳ್ಳು ಹೇಳಿದರೇ? ಸುಳ್ಳಾಡಲು ನಿಜ ಗೊತ್ತಿರಬೇಕು. ಅವರ ಬಳಿ ಹೋಲಿಸಿ ನೋಡಲು ಇನ್ನೊಂದು ಪ್ರತಿಯೇ ಇರಲಿಲ್ಲ. ಮನಸ್ಸಾಕ್ಷಿಯನ್ನು ಎಷ್ಟು ಕೆದಕಿದರೂ ಸಿಗುತ್ತಿದ್ದದ್ದು ಕಾಟನ್ ಮುಖವೇ. ಪ್ರಾಮಾಣಿಕತೆಯೆಂದರೆ ಒಳಗಿದ್ದದ್ದನ್ನು ಹಾಗೇ ಹೇಳುವುದು ಎಂಬ ನಮ್ಮ ವ್ಯಾಖ್ಯಾನ ಇಲ್ಲಿ ಕೈಕೊಡುತ್ತದೆ. ನೆನಪಿನ ವಿಷಯದಲ್ಲಿ ನೀತಿಯ ಪ್ರಶ್ನೆಯನ್ನು ಹೇಳುವವರಿಗಿಂತ ಮೊದಲು ಕೇಳುವವರಿಗೆ ಹಾಕಬೇಕೆಂದು ನನಗನ್ನಿಸುತ್ತದೆ. ನೆನಪಿಸಿಕೊಳ್ಳುವುದೇ ಒಂದು ಬಗೆಯ ಕಟ್ಟುವ ಕೆಲಸವಾದರೆ, ಯಾವ ಫೋಟೋ ಮುಂದಿಟ್ಟರು, ಯಾವಾಗ ತಲೆಯಾಡಿಸಿದರು ಎಂಬುದೂ ಆ ಕಟ್ಟಡದ ಇಟ್ಟಿಗೆಯೇ. ಹಿರಿಯರ ಮಾತನ್ನು ರೆಕಾರ್ಡ್ ಮಾಡಿಕೊಳ್ಳುವ ನಮ್ಮಂಥ ಸಂಶೋಧಕರಿಗೂ ಈ ಮಾತು ಅನ್ವಯಿಸುತ್ತದೆ. ನಮಗೆ ಬೇಕಾದ ಉತ್ತರ ಬಂದಾಗ ನಮ್ಮ ಮುಖ ಅರಳುವುದನ್ನು ಅವರು ನೋಡುತ್ತಲೇ ಇರುತ್ತಾರೆ.

ನಾರ್ತ್ ಕ್ಯಾರೊಲಿನಾ 2007ರಲ್ಲಿ ತಂದ ಕಾನೂನು ಸಾಕ್ಷಿಗೆ ಉಪದೇಶ ಮಾಡಲು ಹೋಗಲಿಲ್ಲ. ಆರೋಪಿ ಯಾರೆಂದು ತಿಳಿಯದ ಅಧಿಕಾರಿಯೇ ಗುರುತು ಪತ್ತೆ ನಡೆಸಬೇಕು, ಆರಿಸಿದವರಿಗೆ ಎಷ್ಟು ಖಾತ್ರಿ ಇದೆ ಎಂಬುದನ್ನು ಅವರ ಮಾತಿನಲ್ಲೇ ಆಗಲೇ ದಾಖಲಿಸಬೇಕು ಎಂದಿತು.