ನಾಮಕರಣವೂ ನಾಮಸ್ಮರಣೆಯೂ

॥ ಶ್ರೀಹರಿವಾಯುಗುರುಭ್ಯೋ ನಮಃ ॥



ಕಳೆದ ನರಸಿಂಹ ಜಯಂತಿಯಂದು ಹೊಳಲಿನ ನಮ್ಮ ಮನೆಯಲ್ಲಿ ಹೆಣ್ಣು ಶಿಶುವೊಂದು ಜನಿಸಿತು. ವೈಶಾಖ ಶುದ್ಧ ಚತುರ್ದಶಿ, ಸ್ವಾತಿ ನಕ್ಷತ್ರ, 1ನೆಯ ಚರಣ. ಹನ್ನೆರಡನೆಯ ದಿನ ಬಹುಳ ದಶಮಿ. ಅಂದೇ ನಾಮಕರಣವೆಂದು ತಂದೆಯವರು ನಿಶ್ಚಯಿಸಿದರು. ದಶಮಿಯಾದ್ದರಿಂದ ಒಂದೇ ಹೊತ್ತಿನ ಊಟ, ಅಡುಗೆಯವರಿಗೂ ಹಗುರ. ಊರವರ ಮಕ್ಕಳಿಗೆಲ್ಲ ನಾಮಕರಣ ಮಾಡಿಸುವ ಮನೆತನಕ್ಕೆ ತನ್ನ ಕೂಸಿಗೊಂದು ಹೆಸರಿಡುವುದು ಎಷ್ಟರ ಮಾತೆಂದು ನಾನು ತಿಳಿದಿದ್ದೆ. ಆದರೆ ಆ ದಿನಗಳಲ್ಲಿ ನಡೆದಷ್ಟು ವಾಕ್ಯಾರ್ಥ ನಮ್ಮ ಪಾಠಶಾಲೆಯಲ್ಲಿಯೂ ನಡೆದಿರಲಿಲ್ಲ. ದೇವಸ್ಥಾನಕ್ಕೆ ಬರುವ ತಾಯಂದಿರು ಅನೇಕರು ಇದೇ ಪ್ರಶ್ನೆಗಳನ್ನು ಕೇಳುತ್ತಿರುವುದರಿಂದ ಅದನ್ನು ಇಲ್ಲಿ ನಿವೇದಿಸುತ್ತಿದ್ದೇನೆ.

ಮೊದಲು ಹಿಂದಿನ ಒಂದು ಸಂಗತಿಯನ್ನು ಹೇಳಬೇಕು. ನಮ್ಮ ತಾಯಿಯವರು ಎರಡು ವರ್ಷಗಳ ಹಿಂದೆ ಹರಿಪಾದವನ್ನು ಸೇರಿದರು. ತವರಿನಲ್ಲಿ ಅವರ ಹೆಸರು ಪದ್ಮಾವತಿ, ಕರೆಯುತ್ತಿದ್ದುದು ಪದ್ದಿ. ವಿವಾಹದಲ್ಲಿ ನಮ್ಮ ಕಡೆಯ ರೂಢಿಯಂತೆ ತಟ್ಟೆಯ ಅಕ್ಕಿಯ ಮೇಲೆ ಬರೆದು ಇಟ್ಟ ಹೆಸರು ರುಕ್ಮಿಣಿ. ಓಣಿಯವರಿಗೆ ರುಕ್ಕಮ್ಮ. ಮತದಾರರ ಪಟ್ಟಿಯಲ್ಲಿ ಋಕ್ಮಿಣಿಬಾಯಿ, ಪಡಿತರ ಚೀಟಿಯಲ್ಲಿ ರುಕ್ಮಣಿ, ಶಾಲೆಯ ದಾಖಲೆಯಲ್ಲಿ ಇನ್ನೂ ಪದ್ಮಾವತಿ. ಅವರ ಕಾಲಾನಂತರ ತವರಿನ ಒಂದು ತುಂಡು ಹೊಲದ ಕಾಗದಕ್ಕಾಗಿ ಕಚೇರಿಯೊಂದಕ್ಕೆ ಹೋದಾಗ, ಈ ಎಲ್ಲರೂ ಒಬ್ಬಳೇ ಹೆಂಗಸೆಂದು ಛಾಪಾ ಕಾಗದದ ಮೇಲೆ ಪ್ರಮಾಣ ಮಾಡಬೇಕಾಯಿತು. ಹೆತ್ತ ಮಗನೇ ತನ್ನ ತಾಯಿ ಒಬ್ಬಳೇ ಎಂದು ಸಹಿ ಹಾಕಿ ಬಂದೆ.

ಅದಕ್ಕಿಂತ ದೊಡ್ಡ ಸಂಕಟ ಅದಕ್ಕೂ ಮೊದಲೇ ನಡೆದಿತ್ತು. ತಾಯಿಗೆ ಎಳ್ಳುನೀರು ಬಿಡುವ ಮೊದಲ ದಿನ ಗೋತ್ರವನ್ನು ಉಚ್ಚರಿಸಿದೆ, ಹೆಸರಿನಲ್ಲಿ ನಿಂತುಬಿಟ್ಟೆ. ನೂರಾರು ಜನರಿಗೆ ಈ ಮಾತುಗಳನ್ನು ಹೇಳಿಸಿಕೊಟ್ಟ ಬಾಯಿ ಅದು. ಹುಟ್ಟಿದಾಗ ಇಟ್ಟ ಹೆಸರೋ, ಈ ಮನೆಯಲ್ಲಿ ಬದುಕಿದ ಹೆಸರೋ? ಯಾವ ಹೆಸರಿಗೆ ಬಿಟ್ಟ ನೀರು ಅವರನ್ನು ಮುಟ್ಟೀತು? ಪಕ್ಕದಲ್ಲಿ ಕುಳಿತ ತಂದೆಯವರು ಮೆಲ್ಲನೆ, “ರುಕ್ಮಿಣಿ ಅನ್ನಪ್ಪಾ” ಎಂದರು. ಮುಂದೊಂದು ದಿನ ತಾವಾಗಿಯೇ ವಿವರಿಸಿದರು: ಶ್ರಾದ್ಧದಲ್ಲಿ ನಾವು ಕೊಡುವುದನ್ನು ಸ್ವೀಕರಿಸಿ ಪಿತೃಗಳಿಗೆ ಮುಟ್ಟಿಸುವವನು ವಸು ರುದ್ರ ಆದಿತ್ಯರ ಅಂತರ್ಗತನಾದ ಪ್ರದ್ಯುಮ್ನ ಸಂಕರ್ಷಣ ವಾಸುದೇವ. ಶ್ರೀಮದಾಚಾರ್ಯರ ಸಿದ್ಧಾಂತದಲ್ಲಿ ಸಕಲ ಶಬ್ದಗಳಿಗೂ ಮುಖ್ಯಾರ್ಥ ಅವನೇ. ಅರಸನು ತನ್ನ ರಾಜಧಾನಿಯೊಂದನ್ನು ಉಳಿಸಿಕೊಂಡು ಮಿಕ್ಕ ಊರುಗಳನ್ನು ಇತರರಿಗೆ ಕೊಡುವಂತೆ, ನಾರಾಯಣಾದಿ ನಾಮಗಳನ್ನು ತನ್ನಲ್ಲಿಯೇ ಇರಿಸಿಕೊಂಡು ಮಿಕ್ಕ ಹೆಸರುಗಳನ್ನು ದೇವತೆಗಳಿಗೆ ಹಂಚಿದವನು. ಹೆಸರು ಕೊಟ್ಟವನಿಗೆ ಹೆಸರಿನವಳು ಯಾರೆಂದು ತಿಳಿಯದೇ?

ಆದಕಾರಣ ಮೊಮ್ಮಗಳಿಗೆ ಅಜ್ಜಿಯ ಹೆಸರೇ ಎಂಬುದರಲ್ಲಿ ತಂದೆಯವರಿಗೆ ಎರಡನೆಯ ಮಾತಿರಲಿಲ್ಲ. ಅವಕಹಡ ಚಕ್ರದಲ್ಲಿ ಸ್ವಾತಿಯ ನಾಲ್ಕು ಚರಣಗಳಿಗೆ ರೂ ರೇ ರೋ ತಾ ಎಂಬ ಅಕ್ಷರಗಳು. ಮೊದಲನೆಯದು ತಾನಾಗಿಯೇ ಒದಗಿತ್ತು. ಒದಗದಿದ್ದರೂ ಬಾಧಕವಿರಲಿಲ್ಲವೆನ್ನಿ. ಆರ್ದ್ರೆಯ 3ನೆಯ ಚರಣಕ್ಕೆ ಙ ಎಂದಿದೆ. ಆ ಅಕ್ಷರದಿಂದ ಆರಂಭವಾಗುವ ಹೆಸರನ್ನು ನಾನು ಈವರೆಗೆ ಕೇಳಿಲ್ಲ. ಮಾಸನಾಮ, ನಕ್ಷತ್ರನಾಮ, ವ್ಯವಹಾರನಾಮಗಳನ್ನು ಹಿರಿಯರು ಬೇರೆ ಬೇರೆಯಾಗಿ ಇಟ್ಟದ್ದು ಇದಕ್ಕಾಗಿಯೇ. ವೈಶಾಖಕ್ಕೆ ಮಧುಸೂದನನು ನಿಯಾಮಕ. ಅವನ ಹೆಸರಿನಿಂದ ಮಾಸನಾಮವಾಯಿತು.

ಬೆಂಗಳೂರಿನಲ್ಲಿರುವ ತಮ್ಮನು ದೂರವಾಣಿಯಲ್ಲಿ ಬೇರೆ ಸೂಚನೆ ಕೊಟ್ಟನು. ಹೆಸರು ಹಳೆಯದಾಯಿತು, ಮೇಧಾ ಎಂದಿಡೋಣ. ರುಕ್ಮಿಣಿಯೇ ಆಗಬೇಕಾದರೆ ಋ ಅಕ್ಷರದಿಂದ ಬರೆದರೆ ಗಂಭೀರವಾಗಿ ಕಾಣುತ್ತದೆ. ಇಂಗ್ಲಿಷಿನಲ್ಲಿ ‘ಯು’ ಒಂದರ ಬದಲು ‘ಓ’ ಎರಡು ಹಾಕಿದರೆ ಸಂಖ್ಯಾಶಾಸ್ತ್ರದ ಪ್ರಕಾರ ಶುಭವಂತೆ.

ಇಲ್ಲಿ ಸ್ವಲ್ಪ ನಿಂತು ವಿಚಾರಿಸಬೇಕು. ಹೆಣ್ಣುಮಗುವಿನ ಹೆಸರು ಸುಲಭವಾಗಿ ಉಚ್ಚರಿಸುವಂತಿರಬೇಕು, ಕಠೋರವಾಗಿರಬಾರದು, ಅರ್ಥ ಸ್ಪಷ್ಟವಿರಬೇಕು, ಮಂಗಳಕರವಾಗಿ ಆಶೀರ್ವಾದದಂತಿರಬೇಕು, ದೀರ್ಘಸ್ವರದಲ್ಲಿ ಮುಗಿಯಬೇಕು ಎಂದು ಮನುವಿನ ಮತ. ಅಕ್ಷರಗಳ ಸಂಖ್ಯೆ ಬೆಸವಾಗಿರಲೆಂದು ಗೃಹ್ಯಸೂತ್ರಕಾರರು ಹೇಳುತ್ತಾರೆ. ರುಕ್ಮಿಣೀ ಎಂಬುದು ಮೂರಕ್ಷರ, ಕೊನೆಗೆ ದೀರ್ಘ. (ನಕ್ಷತ್ರ, ನದಿ, ವೃಕ್ಷಗಳ ಹೆಸರಿನ ಕನ್ಯೆ ಬೇಡವೆಂದೂ ಮನು ಬೇರೊಂದು ಕಡೆ ಹೇಳಿದ್ದಾನೆ. ಅದನ್ನು ಪಾಲಿಸಿದ್ದರೆ ನಮ್ಮ ಮನೆಗಳಲ್ಲಿ ರೋಹಿಣಿ, ಗಂಗಾ, ತುಳಸಿಯರೇ ಇರುತ್ತಿರಲಿಲ್ಲ. ಕಾಳಿಂದಿಯ ಕೈಹಿಡಿದ ಶ್ರೀಕೃಷ್ಣನೇ ನಮಗೆ ಇಲ್ಲಿ ಪ್ರಮಾಣ.)

ಸಂಖ್ಯೆಯ ಬಗ್ಗೆ ಶಾಸ್ತ್ರದ ವಿಧಿ ಇಷ್ಟೇ. ಇಂಗ್ಲಿಷಿನ ‘ಓ’ ಎಷ್ಟಿರಬೇಕೆಂಬುದಕ್ಕೆ ಅಲ್ಲಿ ವಿಧಿಯೂ ಇಲ್ಲ, ನಿಷೇಧವೂ ಇಲ್ಲ. ಆದರೆ ನಮ್ಮ ಲಿಪಿಯ ಅಕ್ಷರದ ಮಾತು ಬೇರೆ. ರುಕ್ಮ ಎಂದರೆ ಬಂಗಾರ, ಅದರಿಂದ ರುಕ್ಮಿಣೀ. ಅಲ್ಲಿರುವುದು ರೇಫಕ್ಕೆ ಉಕಾರ. ಋ ಬರೆದರೆ ಆ ಬಂಗಾರವೇ ಉಳಿಯದು. ಮೇಧಾ ಎಂದರೆ ಬುದ್ಧಿ, ಧಾರಣಶಕ್ತಿ, ಉತ್ತಮ ಹೆಸರು. ಆದರೆ ಮಹಾಪ್ರಾಣ ತಪ್ಪಿಸಿ ಮೇದಾ ಎಂದರೆ ಮೇದಸ್ಸು, ಅಂದರೆ ಕೊಬ್ಬು ನೆನಪಾಗುತ್ತದೆ. ಅನಘಾ ಎಂದರೆ ಪಾಪರಹಿತಳು. ಅನಗಾ ಎಂದರೆ ಏನೂ ಅಲ್ಲ. ತ್ವಷ್ಟೃವು ಇಂದ್ರನನ್ನು ಕೊಲ್ಲುವ ಮಗನನ್ನು ಬಯಸಿ ಹೋಮ ಮಾಡಿ, ಇಂದ್ರಶತ್ರು ಎಂಬ ಪದದ ಸ್ವರ ತಪ್ಪಿದ್ದರಿಂದ ಇಂದ್ರನೇ ಕೊಲ್ಲುವ ವೃತ್ರನನ್ನು ಪಡೆದ ಕಥೆಯನ್ನು ತಾವೆಲ್ಲ ಕೇಳಿದ್ದೀರಿ. ಅಕ್ಷರವೂ ತಪ್ಪಲಿಲ್ಲ, ಸ್ವರ ಮಾತ್ರ.

ಹಾಗೆಂದು ಪ್ರತಿಯೊಂದು ರೂಪಭೇದವೂ ದೋಷವಲ್ಲ. ಸಂಸ್ಕೃತದ ರುಕ್ಮಿಣೀ ಕನ್ನಡದಲ್ಲಿ ರುಕ್ಮಿಣಿ, ಸೀತಾ ಸೀತೆ, ಲಕ್ಷ್ಮೀ ಲಕ್ಷ್ಮಿ. ಇದು ಭಾಷೆಯ ಜಾಯಮಾನ. ನಮ್ಮ ಊರಿನ ಹೆಸರೇ ನೋಡಿ. ಹಳಗನ್ನಡದಲ್ಲಿ ಪೊೞಲ್ ಎಂದರೆ ಪಟ್ಟಣ. ಪಕಾರ ಹಕಾರವಾಯಿತು, ೞಕಾರವು ಬರವಣಿಗೆಯಿಂದಲೇ ಮರೆಯಾಯಿತು, ಹೊಳಲು ಉಳಿಯಿತು. ಅರಿಯದೆ ಬರೆದ ಋ ಬೇರೆ, ಬಾಯಿಂದ ಬಾಯಿಗೆ ಸವೆದು ನಯವಾದ ರುಕ್ಕಮ್ಮ ಬೇರೆ. ರುಕ್ಮಣಿ ಎಂಬುದನ್ನು ನಾಲಗೆಯ ಮೇಲೆ ಕ್ಷಮಿಸಬಹುದು, ಕಾಗದದ ಮೇಲೆ ಬೇಡ.

ಕರೆಯುವ ಹೆಸರು ಇಟ್ಟ ಹೆಸರನ್ನು ಮೀರಿ ಬಾಳುವುದೂ ಉಂಟು. ಕೃಷ್ಣದೇವರಾಯನು ಹೊಸಪೇಟೆಯ ಬಳಿ ಮಗ ತಿರುಮಲನ ಹೆಸರಿನಲ್ಲಿ ಸಾಲೆ ತಿರುಮಲೆ ಮಹಾರಾಯಪುರವನ್ನು ಕಟ್ಟಿ, 1524ರಲ್ಲಿ ಅನಂತಶಯನನಿಗೆ ಭವ್ಯ ದೇವಾಲಯವನ್ನು ನಿರ್ಮಿಸಿದನು. ಅಲ್ಲಿಗೆ ಹೊರಟ ಸ್ವಾಮಿಯು, ರಾಜನು ಹಿಂದಿರುಗಿ ನೋಡಿದ್ದರಿಂದ ನಮ್ಮ ಹೊಳಲಿನಲ್ಲಿಯೇ ಪವಡಿಸಿದನೆಂದು ಸ್ಥಳಕಥೆ. ರಾಜನು ಇಟ್ಟ ಉದ್ದನೆಯ ಹೆಸರು ಶಾಸನದಲ್ಲಿದೆ; ಜನರ ಬಾಯಲ್ಲಿರುವುದು ಅನಂತಶಯನಗುಡಿ. ಹೆಸರು ಅಲ್ಲಿ, ಮೂರ್ತಿ ಇಲ್ಲಿ.

ಹಾಗೆಯೇ ಹರಪನಹಳ್ಳಿ ಭೀಮವ್ವನವರು. 19ನೆಯ ಶತಮಾನದ ಈ ಹರಿದಾಸಿ ಹುಟ್ಟಿದ ನಾರಾಯಣದೇವರಕೆರೆ ಇಂದು ತುಂಗಭದ್ರಾ ಜಲಾಶಯದ ನೀರಿನಡಿಯಲ್ಲಿದೆ. ಭೀಮಾ ಎಂದೋ ಭೀಮಾಬಾಯಿ ಎಂದೋ ಯಾರೂ ತಿದ್ದಲು ಹೋಗಲಿಲ್ಲ. ಅವ್ವ ಎಂದು ಸೇರಿಸಿ ಕರೆದ ಆ ಮನೆಯ ಹೆಸರೇ ನಮ್ಮ ಹೆಂಗಳೆಯರ ಹಾಡಿನ ಪುಸ್ತಕಗಳಲ್ಲಿ ಉಳಿದಿದೆ. ಅವರ ಅಂಕಿತ ಭೀಮೇಶಕೃಷ್ಣ. ತನ್ನ ಹೆಸರಿನಲ್ಲಿರುವ ಭೀಮನಿಗೆ ಒಡೆಯನಾದ ಕೃಷ್ಣನನ್ನೇ ಪ್ರತಿ ಹಾಡಿನ ಕೊನೆಗೆ ಕರೆದ ತಾಯಿ ಆಕೆ.

ಮನೆಯೊಳಗೆ ಇನ್ನೊಂದು ಧರ್ಮಸಂಕಟವಿತ್ತು. ಬಾಣಂತಿಯು ಮೂರು ದಿನ ಸುಮ್ಮನಿದ್ದು ನಾಲ್ಕನೆಯ ದಿನ ಹೇಳಿದಳು: “ಅತ್ತಿಯವರ ಹೆಸರು ಹಿಡಿದು ನಾ ಹ್ಯಾಂಗ ಕರೀಲಿ? ನಾಳೆ ಹಟ ಮಾಡಿದಾಗ ಹ್ಯಾಂಗ ಬೈಲಿ?” ಶಾಸ್ತ್ರ ಓದಿದ ನಮಗಾರಿಗೂ ಇದು ಹೊಳೆದಿರಲಿಲ್ಲ. ಹಿರಿಯರ ಹೆಸರಿನ ಮಕ್ಕಳಿಗೆ ನಮ್ಮ ಮನೆಗಳಲ್ಲಿ ಪುಟ್ಟಿ, ಅವ್ವಿ, ಅಮ್ಮಣ್ಣಿ ಎಂಬ ಮುದ್ದು ಹೆಸರುಗಳು ಏಕೆ ಹುಟ್ಟಿದವೆಂಬುದಕ್ಕೆ ಅವಳ ಆ ಎರಡು ಪ್ರಶ್ನೆಗಳೇ ಉತ್ತರ. ಅದು ಹೆಸರಿಗೆ ಮಾಡಿದ ಅನಾದರವಲ್ಲ, ಹಿರಿಯರಿಗೆ ತೋರಿದ ಮರ್ಯಾದೆ.

ಆದರೂ ನಾನು ವಾದಿಸಿದೆ. ಅಜಾಮಿಳನು ಕಿರಿಯ ಮಗನನ್ನು ನಾರಾಯಣಾ ಎಂದು ಕೂಗಿದ್ದರಿಂದಲ್ಲವೇ ವಿಷ್ಣುದೂತರು ಬಂದದ್ದು? ಮಗನಿಗೆ ಬೇರೊಂದು ಮುದ್ದು ಹೆಸರಿದ್ದಿದ್ದರೆ ಅವನ ಗತಿ ಏನಾಗುತ್ತಿತ್ತು? ತಂದೆಯವರು ನಕ್ಕು, “ಷಷ್ಠಸ್ಕಂಧವನ್ನು ಪೂರ್ತಿ ಓದು” ಎಂದರು. ಯಮದೂತರಿಂದ ಬಿಡುಗಡೆಯಾದ ಅಜಾಮಿಳನು ಮನೆಯಲ್ಲಿ ಕುಳಿತುಕೊಳ್ಳಲಿಲ್ಲ. ಎಲ್ಲವನ್ನೂ ತೊರೆದು ಗಂಗಾದ್ವಾರಕ್ಕೆ ಹೋಗಿ ಭಗವಂತನಲ್ಲಿ ಮನಸ್ಸಿಟ್ಟು ಸಾಧನೆ ಮಾಡಿದನು. ನಾಮವು ಬಾಗಿಲು ತೆರೆಯಿತು, ನಡೆಯಬೇಕಾದವನು ಅವನೇ. ಉಪನ್ಯಾಸಕಾರರಾದ ನಾವು ಬಹುಮಟ್ಟಿಗೆ ಅರ್ಧ ಕಥೆಗೇ ಮಂಗಳ ಹಾಡುತ್ತೇವೆ. ಹಾಗೆಂದು ಯಾವ ಅಡ್ಡಹೆಸರಾದರೂ ನಡೆಯುತ್ತದೆಂದು ನಾನು ಒಪ್ಪಲಾರೆ. ಬೇಬಿ ಎಂದು ಕರೆಸಿಕೊಂಡು ಎಪ್ಪತ್ತರ ವಯಸ್ಸಿನಲ್ಲಿ ಬೇಬಕ್ಕ ಆದವರನ್ನು ಬಲ್ಲೆ. ಅವರ ನಿಜವಾದ ಹೆಸರು ಇಂದಿರಾ ಎಂದು ಮೊಮ್ಮಕ್ಕಳಿಗೆ ತಿಳಿಯದು.

ಲೌಕಿಕದ ಮಾತನ್ನೂ ಹೇಳಿಬಿಡುತ್ತೇನೆ. 1969ರ ಜನನ ಮರಣ ನೋಂದಣಿ ಅಧಿನಿಯಮದಂತೆ ಮಗುವಿನ ಹೆಸರಿಲ್ಲದೆಯೂ ಜನನವನ್ನು ನೋಂದಾಯಿಸಬಹುದು. 12 ತಿಂಗಳೊಳಗೆ ಶುಲ್ಕವಿಲ್ಲದೆ, ಅನಂತರ ವಿಳಂಬ ಶುಲ್ಕ ತೆತ್ತು 15 ವರ್ಷಗಳವರೆಗೆ ಹೆಸರು ಸೇರಿಸಬಹುದು. ಆದ್ದರಿಂದ ಆಸ್ಪತ್ರೆಯಲ್ಲಿಯೇ ಅವಸರದಿಂದ ಒಂದನ್ನು ಬರೆಯಿಸಿ, ತೊಟ್ಟಿಲಲ್ಲಿ ಇನ್ನೊಂದನ್ನು ಕರೆಯುವ ಕಾರಣವಿಲ್ಲ. 2023ರ ತಿದ್ದುಪಡಿ ಆ ವರ್ಷದ ಅಕ್ಟೋಬರ್ 1ರಿಂದ ಜಾರಿಗೆ ಬಂದ ಮೇಲೆ ಹುಟ್ಟಿದ ಮಕ್ಕಳಿಗೆ ಶಾಲೆಯ ಪ್ರವೇಶ, ಮತದಾರರ ಪಟ್ಟಿ, ಪಾಸ್‌ಪೋರ್ಟುಗಳಿಗೆಲ್ಲ ಜನನ ಪ್ರಮಾಣಪತ್ರವೇ ಆಧಾರ. ಮೊದಲು ಕನ್ನಡದಲ್ಲಿ ಶುದ್ಧವಾಗಿ ಬರೆದುಕೊಟ್ಟು, ಇಂಗ್ಲಿಷಿನಲ್ಲಿ ಒಂದೇ ರೂಪವನ್ನು ನಿಶ್ಚಯಿಸಿ, ಮುಂದೆ ಅದನ್ನೇ ಹಿಡಿಯಿರಿ. ನಾವು ‘ಯು’ ಒಂದನ್ನೇ ಹಾಕಿದೆವು. ತಮ್ಮನೂ ಒಪ್ಪಿದನು.

ದಶಮಿಯ ದಿನ ತಟ್ಟೆಯ ಅಕ್ಕಿಯ ಮೇಲೆ ಬಂಗಾರದ ಉಂಗುರದಿಂದ ಹೆಸರು ಬರೆದೆ; ಮಗುವಿನ ಬಲಗಿವಿಯಲ್ಲಿ ಹೇಳಿದೆ. ಸಂಜೆ ಹೆಂಗಳೆಯರೆಲ್ಲ ಹೋದ ಮೇಲೆ ನನ್ನ ಮನೆಯಾಕೆ ಕೂಸನ್ನು ಎತ್ತಿಕೊಂಡು “ಚಿನ್ನೀ” ಎಂದಳು. ಏಕೆ ಆ ಹೆಸರು ಎಂದು ಕೇಳಿದರೆ, ಸುಮ್ಮನೆ ಬಾಯಿಗೆ ಬಂತು ಎಂದಳು. ರುಕ್ಮ ಎಂದರೆ ಚಿನ್ನವೆಂದು ನಾನು ಆಕೆಗೆ ಹೇಳಿರಲಿಲ್ಲ.

ನಮ್ಮ ತಂದೆಯವರು ತಮ್ಮ ದಾಂಪತ್ಯದ ಉದ್ದಕ್ಕೂ ತಾಯಿಯ ಹೆಸರು ಹಿಡಿದು ಕರೆದವರಲ್ಲ. “ಏ, ಕೇಳಿಸ್ತೇನು?” ಎಂಬುದೇ ಅವರ ಸಂಬೋಧನೆ. ಈಗ ಮುಂಜಾನೆ ದೇವಸ್ಥಾನಕ್ಕೆ ಹೊರಡುವಾಗ, ಮಡಿಯಲ್ಲಿರುವುದರಿಂದ ತೊಟ್ಟಿಲನ್ನು ಮುಟ್ಟದೆ, ಬಾಗಿಲಲ್ಲಿ ನಿಂತು, ಕೊನೆಯ ದೀರ್ಘವನ್ನು ಬಿಡದೆ, ಓಣಿಗೆಲ್ಲ ಕೇಳಿಸುವಂತೆ “ರುಕ್ಮಿಣೀ” ಎಂದು ಕರೆಯುತ್ತಾರೆ.

॥ ಶ್ರೀಕೃಷ್ಣಾರ್ಪಣಮಸ್ತು ॥