ಗಾಜಿನ ಚೌಕಟ್ಟು ಮತ್ತು ಅಖಂಡದರ್ಶನ

ಜೇವರ್ಗಿ ತಾಲ್ಲೂಕಿನ ಅಂದೋಲಾ ನನ್ನ ತಾಯಿಯ ತವರೂರು. ಅಲ್ಲಿಯ ಎರೆನೆಲದಲ್ಲಿ ಬಿಳಿಜೋಳದ ರಾಶಿ ನಡೆಯುತ್ತಿದ್ದ ಒಂದು ಬೇಸಗೆಯ ಮೊದಲಲ್ಲಿ, ಮುಂಬಯಿಯಲ್ಲಿ ನೌಕರಿಯಲ್ಲಿದ್ದ ನನ್ನ ಸೋದರಮಾವನವರು, ರಜೆಗೆ ಬರುವಾಗ ತಂದಿದ್ದ ಕೊಡಾಕ್ರೋಮ್ ಫಿಲ್ಮಿನ ಸುರುಳಿಯೊಂದನ್ನು, ಅದರ 36 ಚಿತ್ರಗಳಲ್ಲಿ ಒಂದನ್ನೂ ಬೇರೆಡೆಗೆ ಉಳಿಸದೆ, ಆ ಕಣದ ಮೇಲೆಯೇ ವೆಚ್ಚಮಾಡಿದರು. ನಡುವೆ ನೆಟ್ಟ ಮೇಟಿ, ಅದರ ಸುತ್ತ ತೆನೆ ತುಳಿಯುವ ಎತ್ತುಗಳು, ಗಾಳಿಗೆ ತೂರಿದ ಹೊಟ್ಟಿನ ಹೊಂಬಣ್ಣದ ತೆರೆ, ಅಂಚಿನಲ್ಲಿ ಮೊರ ಹಿಡಿದು ನಿಂತ ನಮ್ಮ ಆಯಿ (ಅಜ್ಜಿ): ಇವೆಲ್ಲವೂ ಅಂಗೈಯಗಲದ ಕಾಗದದ ಚೌಕಟ್ಟುಗಳಲ್ಲಿ ಸ್ಲೈಡುಗಳಾಗಿ ಸೇರಿ, ಅನೇಕ ದಶಕಗಳ ಕಾಲ ಒಂದು ಟ್ರಂಕಿನ ಕತ್ತಲೆಯಲ್ಲಿ ಮಲಗಿದ್ದುವು. 1935ರಲ್ಲಿ ಬಳಕೆಗೆ ಬಂದು 2009ರಲ್ಲಿ ತಯಾರಿಕೆ ನಿಂತುಹೋದ ಆ ಫಿಲ್ಮನ್ನು ಕಂಡುಹಿಡಿದವರು ಮ್ಯಾನೆಸ್ ಮತ್ತು ಗೊಡೌಸ್ಕಿ ಎಂಬ ಇಬ್ಬರು ಸಂಗೀತಗಾರರು. ಕತ್ತಲೆಯಲ್ಲಿಟ್ಟರೆ ಅದರ ಬಣ್ಣ ಬಹುಕಾಲ ಮಾಸದೆಂಬುದು ಪ್ರಸಿದ್ಧ. ಟ್ರಂಕನ್ನು ತೆರೆದಾಗ ಆಯಿಯ ಸೀರೆಯ ಕೆಂಪು ನಿನ್ನೆ ನೇಯ್ದಂತಿತ್ತು.

ಅವುಗಳನ್ನು ಸ್ಕ್ಯಾನರಿನಲ್ಲಿಟ್ಟು ನೋಡಿದಾಗ ಮಾತ್ರ ಮನಸ್ಸು ಕುಗ್ಗಿತು. ಅಂಗುಲವೊಂದನ್ನು 4,000 ಬಿಂದುಗಳಾಗಿ ಬಿಡಿಸಿ, 36 ಮಿಲಿಮೀಟರ್ ಅಗಲದ ಚಿತ್ರವನ್ನು 5,600ಕ್ಕೂ ಮಿಗಿಲಾದ ಬಿಂದುಗಳ ಸಾಲಾಗಿ ಓದಬಲ್ಲ ಆ ಯಂತ್ರಕ್ಕೆ ಮೇಟಿಯ ಸೀಳುಗಳು ಒಂದೊಂದಾಗಿ ಕಂಡುವು. ಎತ್ತುಗಳ ಹಿಂಬದಿ ಮಂಕಾಯಿತು. ಆಯಿ ಇದ್ದ ಮೂಲೆ ಮಂಜಿನಲ್ಲಿ ಕರಗಿತು. ಕಾರಣ ಸರಳವಾದದ್ದು. ಫಿಲ್ಮಿನ ಒಂದು ಮೈಗೆ ಜೆಲಟಿನ್ನಿನ ಲೇಪವಿರುವುದು, ಇನ್ನೊಂದು ಮೈ ಬರಿಯ ಆಧಾರ; ನಮ್ಮ ಸೀಮೆಯ ಬಿಸಿಲಿಗೂ ಮಳೆಗಾಲದ ತೇವಕ್ಕೂ ಇವೆರಡೂ ಒಂದೇ ಪ್ರಮಾಣದಲ್ಲಿ ಹಿಗ್ಗಿ ಕುಗ್ಗಲಾರವಾದುದರಿಂದ, ಅಂಚಿನಲ್ಲಷ್ಟೇ ಹಿಡಿತವಿರುವ ಫಿಲ್ಮು ನಡುವೆ ಉಬ್ಬಿ ನಿಲ್ಲುತ್ತದೆ. ಸ್ಕ್ಯಾನರಿನ ಮಸೂರವಾದರೋ ಒಂದು ಮಿಲಿಮೀಟರಿನ ಅತ್ಯಲ್ಪ ಭಾಗದಷ್ಟು ಆಳವನ್ನು ಮಾತ್ರ ಸ್ಫುಟವಾಗಿ ಕಾಣಬಲ್ಲುದು. ನಡುವಿಗೆ ದೃಷ್ಟಿ ನೆಟ್ಟರೆ ಅಂಚು ಹೋಯಿತು, ಅಂಚಿಗೆ ನೆಟ್ಟರೆ ನಡು ಹೋಯಿತು.

ಇದಕ್ಕೆ ಬಲ್ಲವರು ಹೇಳುವ ಉಪಾಯ ಹಳೆಯದು: ಫಿಲ್ಮನ್ನು ಕಾಗದದ ಚೌಕಟ್ಟಿನಿಂದ ಬಿಡಿಸಿ, ಎರಡು ತೆಳುಗಾಜುಗಳ ನಡುವೆ ಒತ್ತಿ ಹಿಡಿಯುವ ಚೌಕಟ್ಟಿಗೆ ಸೇರಿಸುವುದು. ಹಾಗೆ ಮಾಡಿದೆನು, ಚಿತ್ರ ಮೂಲೆಯಿಂದ ಮೂಲೆಗೆ ಏಕರೂಪವಾಗಿ ಸ್ಫುಟವಾಯಿತು. ಆದರೆ ಆ ತೃಪ್ತಿಯ ನಡುವೆಯೇ ಒಂದು ಶಂಕೆ ತಲೆಯೆತ್ತಿ ಬಹುದಿನ ಕಾಡಿತು. ಉಬ್ಬುವುದು ಆ ಫಿಲ್ಮು ಇಷ್ಟು ವರ್ಷಗಳ ಬಾಳಿನಿಂದ ಪಡೆದ ಸ್ವಭಾವವೇ ಆದ ಪಕ್ಷದಲ್ಲಿ, ಗಾಜಿನ ಬಲದಿಂದ ಅದನ್ನು ಚಪ್ಪಟೆಗೊಳಿಸಿ ನಾವು ಕಾಣುವುದು ಸತ್ಯವೋ, ಬಂಧನವು ಹುಟ್ಟಿಸಿದ ಕೃತಕವೋ? ವ್ರತನಿಯಮಗಳನ್ನು ಕುರಿತು ತರುಣರು ಕೇಳುವ ಪ್ರಶ್ನೆಯೂ ಇದೇ: ಮನಸ್ಸನ್ನು ಅದರ ಪಾಡಿಗೆ ಬಿಡದೆ ಹಿಡಿದು ಕೂರಿಸಿದಾಗ ಕಾಣುವ ಶಾಂತಿ ಅದರದ್ದೋ, ಹಿಡಿತದ್ದೋ?

ಇದಕ್ಕೆ ಉತ್ತರ ನನಗೆ ದೊರೆತದ್ದು ಗ್ರಂಥದಿಂದಲ್ಲ, ಮಾವನವರ ಹಳೆಯ ಕ್ಯಾಮೆರಾವನ್ನು ಒರೆಸುತ್ತ ಅದರ ಹಿಂಬಾಗಿಲನ್ನು ತೆರೆದಾಗ. ಆ ಬಾಗಿಲಿನ ಒಳಮೈಯಲ್ಲಿ, ಸಣ್ಣ ಸ್ಪ್ರಿಂಗಿನ ಮೇಲೆ ಕೂಡಿಸಿದ ನುಣುಪಾದ ಲೋಹದ ಫಲಕವೊಂದಿದೆ. ಬಾಗಿಲು ಮುಚ್ಚಿದೊಡನೆ ಅದು ಫಿಲ್ಮನ್ನು ಬೆನ್ನಿನಿಂದ ಮೆಲ್ಲಗೆ ಒತ್ತಿ ಸಮತಲದಲ್ಲಿ ನಿಲ್ಲಿಸುತ್ತದೆ. ಎಂದರೆ, ಕಣದ ಬೆಳಕು ಮೊತ್ತಮೊದಲು ಬಂದು ಬಿದ್ದ ಆ ಕ್ಷಣಾರ್ಧದಲ್ಲಿ ಫಿಲ್ಮು ಚಪ್ಪಟೆಯಾಗಿಯೇ ಇತ್ತು. ಉಬ್ಬು ಆಮೇಲೆ ಬಂದದ್ದು, ಕಾಲದ ಕೊಡುಗೆ. ಗಾಜು ಅದರ ಮೇಲೆ ಹೊಸದೇನನ್ನೂ ಹೇರದೆ, ದರ್ಶನವನ್ನು ಪಡೆದಾಗ ಅದು ಯಾವ ಭಂಗಿಯಲ್ಲಿದ್ದಿತೋ ಆ ಭಂಗಿಗೆ ಅದನ್ನು ಮರಳಿಸುತ್ತಿದೆ. ಅಂಗೈಯಲ್ಲಿ ಇಷ್ಟಲಿಂಗವನ್ನಿರಿಸಿಕೊಂಡು ಅದರ ಕಪ್ಪು ಲೇಪದ ಹೊಳಪಿನಲ್ಲಿ ದೃಷ್ಟಿಯನ್ನು ನಿಲ್ಲಿಸಿ ಕುಳಿತ ಶರಣನ ನಿಶ್ಚಲತೆಯನ್ನು ನಾನು ಚಿಕ್ಕಂದಿನಿಂದ ಕಂಡವನು. ಅದನ್ನು ಕಠಿಣವಾದ ದಂಡನೆಯೆಂದು ಭಾವಿಸಿದ್ದುಂಟು. ದೀಕ್ಷೆಯ ಕ್ಷಣದ ಸಮತೆಗೆ ದಿನವೂ ಹಿಂದಿರುಗುವ ಕ್ರಮವದು ಎಂದು ಈಗ ತೋರುತ್ತದೆ. ಮನುಷ್ಯನು ತಾನಾಗಿ ಗಾಜಿನೊಳಕ್ಕೆ ಹೋಗಬಲ್ಲನು, ಫಿಲ್ಮು ಹೋಗಲಾರದು. ಉಪಮೆಯ ಈ ಕೊರತೆಯನ್ನು ನಾನು ಮರೆತಿಲ್ಲ.

ಇದೇ ಜೇವರ್ಗಿಯ ಷಣ್ಮುಖ ಶಿವಯೋಗಿಗಳು ತಮ್ಮ ವಚನಗಳಿಗೆಲ್ಲ ಅಖಂಡೇಶ್ವರನ ಅಂಕಿತವನ್ನಿಟ್ಟರು. ಖಂಡವಿಲ್ಲದ್ದು ಅಖಂಡ. ನಡು ಸ್ಫುಟವಾಗಿ ಅಂಚು ಮಸುಳಿದ ದರ್ಶನವು ಸುಳ್ಳಲ್ಲದಿದ್ದರೂ ಖಂಡದರ್ಶನವೇ ಸರಿ. ಮೇಟಿಯನ್ನು ಕಂಡು ಆಯಿಯನ್ನು ಕಾಣದವನು ಕಣವನ್ನು ಕಂಡೆನೆಂದು ಹೇಗೆ ಹೇಳಿಯಾನು?

ಗಾಜು ಕೂಡ ನಿರ್ದೋಷಿಯಲ್ಲ. ಮೊದಲ ಬಾರಿ ಸಾಮಾನ್ಯ ಗಾಜನ್ನು ಬಳಸಿದಾಗ, ಆಕಾಶದ ನೀಲಿಯ ಮೇಲೆ ಎಣ್ಣೆಯ ಹನಿ ನೀರಮೇಲೆ ಹರಡಿದಂತೆ ಬಣ್ಣಬಣ್ಣದ ಬಳೆಗಳು ಮೂಡಿದ್ದುವು. 1665ರಲ್ಲಿ ಹುಕ್ಕನು ವರ್ಣಿಸಿ, 1704ರ ತನ್ನ ಗ್ರಂಥದಲ್ಲಿ ನ್ಯೂಟನ್ನನು ವಿಚಾರಿಸಿದ ಈ ಬಳೆಗಳು ಗಾಜಿನಲ್ಲಿಲ್ಲ, ಫಿಲ್ಮಿನಲ್ಲೂ ಇಲ್ಲ. ಎರಡು ನುಣುಪು ಮೈಗಳು ಪೂರ್ಣವಾಗಿ ಕೂಡದೆ, ಬೆಳಕಿನ ಅಲೆಯ ಉದ್ದಕ್ಕೆ ಹೋಲಿಸಬಹುದಾದಷ್ಟು ಕಿರಿದಾದ ತೆರಪನ್ನುಳಿಸಿಕೊಂಡು ಸಮೀಪಿಸಿದಾಗ, ಎರಡೂ ಮೈಗಳಿಂದ ಮರಳಿದ ಬೆಳಕು ಒಂದರೊಳಗೊಂದು ಬೆರೆತು ಅವು ಹುಟ್ಟುತ್ತವೆ. ದಾಸವಾಳದ ಸನ್ನಿಧಿಯಲ್ಲಿ ಸ್ಫಟಿಕವು ಕೆಂಪಾಗಿ ತೋರುವುದೆಂಬ ದೃಷ್ಟಾಂತವನ್ನು ನಮ್ಮ ದಾರ್ಶನಿಕರು ಬಹಳವಾಗಿ ಬಳಸಿದ್ದಾರೆ; ಅಲ್ಲಿ ಹೂವಿಗಾದರೂ ಕೆಂಪು ಸಹಜವಾದದ್ದು. ಇಲ್ಲಿಯೋ, ಬಳೆಯ ಬಣ್ಣಕ್ಕೆ ಒಡೆಯನೇ ಇಲ್ಲ, ಸಾಮೀಪ್ಯವೇ ಅದನ್ನು ಹೆತ್ತಿತು. ಆತ್ಮದ್ದೂ ಅಲ್ಲದ, ಜಡದ್ದೂ ಅಲ್ಲದ ಅಹಂಕಾರವು ಎಲ್ಲಿಂದ ಬಂದಿತೆಂಬ ಪ್ರಶ್ನೆಗೆ ಇದಕ್ಕಿಂತ ಹತ್ತಿರದ ದೃಷ್ಟಾಂತ ನನಗೆ ತಿಳಿಯದು. ಇದರ ಪರಿಹಾರವಂತೂ ಇನ್ನೂ ಆಶ್ಚರ್ಯಕರ: ಫಿಲ್ಮಿನ ಹೊಳೆಯುವ ಬದಿಗೆ ತಾಗುವ ಗಾಜನ್ನು ಎಷ್ಟೋ ಸೂಕ್ಷ್ಮವಾಗಿ ತರಿತರಿಯಾಗಿಸುತ್ತಾರೆ; ಅದನ್ನೇ ಆ್ಯಂಟಿ-ನ್ಯೂಟನ್ ಗಾಜೆನ್ನುವುದು. ಪರಮ ನುಣುಪು ಭ್ರಾಂತಿಯನ್ನು ಹುಟ್ಟಿಸಿತು, ತುಸು ಒರಟು ಅದನ್ನು ಕಳೆಯಿತು. ಆ ತರಿಯೂ ಅತಿ ಸೂಕ್ಷ್ಮವಾದ ಸ್ಕ್ಯಾನಿನಲ್ಲಿ ಒಮ್ಮೊಮ್ಮೆ ಮರಳಿನಂತೆ ಕಾಣಿಸಿಕೊಳ್ಳುವುದುಂಟು.

ಧೂಳಿನ ಮಾತು ಬೇರೆ. ಎರಡು ಗಾಜೆಂದರೆ ನಾಲ್ಕು ಮೈ, ನಾಲ್ಕನ್ನೂ ಒರೆಸಬೇಕು. ಎರೆಸೀಮೆಯ ಧೂಳನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅದಕ್ಕಿಂತ ಮುಖ್ಯವಾದುದು, ಗಾಜಿನೊಳಗೆ ಸಿಕ್ಕಿದ ತೇವ ಹೊರಬರಲಾರದೆ ಜೆಲಟಿನ್ನಿನ ಮೇಲೆ ಬೂಷ್ಟು ಬೆಳೆಸಬಹುದೆಂಬುದು. ಆದುದರಿಂದ ನಾನು ಪ್ರತಿಯೊಂದು ಸ್ಲೈಡನ್ನೂ ಸ್ಕ್ಯಾನ್ ಆದೊಡನೆ ಗಾಜಿನಿಂದ ಬಿಡಿಸಿ, ಉಸಿರಾಡುವ ಹಳೆಯ ಬಗೆಯ ಕಾಗದದ ಚೌಕಟ್ಟಿಗೆ ಮರಳಿಸಿದೆನು. ಮರುದಿನ ನೋಡಿದರೆ ಅವು ಮತ್ತೆ ಉಬ್ಬಿದ್ದುವು. ಉಬ್ಬಲಿ ಎಂದು ಟ್ರಂಕಿನಲ್ಲಿಟ್ಟೆನು.

ಸ್ಕ್ಯಾನ್ ಮಾಡಿದ ಕೊನೆಯ ಚಿತ್ರದಲ್ಲಿ ಆಯಿ ಬಲದಂಚಿನಲ್ಲಿದ್ದಾಳೆ. ಕಾಗದದ ಚೌಕಟ್ಟಿನಲ್ಲಿ ಅವಳೊಂದು ಕೆಂಪು ಕಲೆಯಷ್ಟೇ ಆಗಿದ್ದಳು. ಗಾಜಿನಲ್ಲಿ ಅವಳ ಮೊರದ ಬಿದಿರು ಸೀಳುಗಳು, ಕಿವಿಯ ಬೆಂಡೋಲೆ, ಹಣೆಯ ವಿಭೂತಿಯ ಮೂರು ಗೆರೆಗಳು ಬೇರೆಬೇರೆಯಾಗಿ ಕಂಡುವು. ಬಾಯಿ ತುಸು ತೆರೆದಿತ್ತು. ಹಾಡುತ್ತಿದ್ದಳೆಂದು ನಾನು, ಎತ್ತನ್ನು ಗದರಿಸುತ್ತಿದ್ದಳೆಂದು ನನ್ನ ತಾಯಿ. ಆ ಸಂಜೆ ಬಹಳ ಹೊತ್ತು ನಾವಿಬ್ಬರೂ ಅದನ್ನೇ ನೋಡುತ್ತ ಕುಳಿತಿದ್ದೆವು.