ಅಂಚಿನ ಮೇಲಿನ ಹೆಸರು

ಊರಿನಿಂದ ಯಾರೇ ಬರಲಿ, ಚಾರ್ಮಿನಾರ್ ನೋಡಿ ಬಿರಿಯಾನಿ ತಿಂದಾದ ಮೇಲೆ ಹೈದರಾಬಾದಿನ ಕನ್ನಡಿಗರು ಅವರನ್ನು ಕರೆದೊಯ್ಯುವುದು ಸಾಲಾರ್ ಜಂಗ್ ಮ್ಯೂಸಿಯಂಗೆ. ಹೀಗೆ ನಾನು ಎಷ್ಟು ಸಲ ಹೋಗಿದ್ದೇನೋ ಲೆಕ್ಕವಿಲ್ಲ. ಬಂದವರು ಮುಸುಕಿನ ರೆಬೆಕಾಳನ್ನು ನೋಡುತ್ತಾರೆ, ಗೊಂಬೆ ಬಂದು ಗಂಟೆ ಹೊಡೆಯುವ ಗಡಿಯಾರದ ಮುಂದೆ ಕಾದು ಕೂರುತ್ತಾರೆ. ನಾನು ಮಾತ್ರ ಎರಡು ಕಡೆ ಹೆಚ್ಚು ಹೊತ್ತು ನಿಲ್ಲುತ್ತೇನೆ. ಒಂದು ಆಯುಧಗಳ ವಿಭಾಗ, ಇನ್ನೊಂದು ಆಟಿಕೆಗಳದು. ಒಂದರಲ್ಲಿ ನಿಜವಾದ ಕತ್ತಿ, ಗುರಾಣಿ, ಬಂದೂಕು. ಇನ್ನೊಂದರಲ್ಲಿ ಬೆರಳುದ್ದದ ಸೈನಿಕರ ಸಾಲು. ಎರಡನ್ನೂ ಕೂಡಿಟ್ಟದ್ದು ಒಂದೇ ಮನೆತನ. ಯುದ್ಧದ ವಸ್ತುವನ್ನು ಆಸೆಪಟ್ಟು ಕೊಂಡು ಮನೆಯಲ್ಲಿಟ್ಟುಕೊಂಡಾಗ ಅದು ಆಟಿಕೆಯಾಗುತ್ತದೆಯೇ? ಆದರೆ ಅದು ತಪ್ಪೇ?

ಈ ಸಂಗ್ರಹದ ಬಹುಪಾಲು ಮೂರನೆಯ ಸಾಲಾರ್ ಜಂಗ್ ಮೀರ್ ಯೂಸುಫ್ ಅಲಿ ಖಾನನದು. ಹುಟ್ಟಿದ್ದು 1889ರಲ್ಲಿ. 1912ರಲ್ಲಿ ನಿಜಾಮನ ದಿವಾನನಾದ, 1914ರಲ್ಲಿ ಆ ಕೆಲಸ ಬಿಟ್ಟ. ಆಮೇಲಿನ ಬದುಕೆಲ್ಲ ಕೊಳ್ಳುವುದರಲ್ಲೇ ಕಳೆಯಿತು ಅಂದರೂ ನಡೆಯುತ್ತದೆ. ಮದುವೆಯಾಗಲಿಲ್ಲ. 1949ರ ಮಾರ್ಚ್‌ನಲ್ಲಿ ತೀರಿಕೊಂಡಾಗ ದಿವಾನ್ ದೇವಡಿಯ ತುಂಬ ವಸ್ತುಗಳಿದ್ದವು, ವಾರಸುದಾರ ಮಗನಿರಲಿಲ್ಲ. 1951ರ ಡಿಸೆಂಬರಿನಲ್ಲಿ ನೆಹರೂ ಬಂದು ಅದನ್ನು ಮ್ಯೂಸಿಯಂ ಎಂದು ಉದ್ಘಾಟಿಸಿದರು. 1968ರಲ್ಲಿ ಎಲ್ಲವೂ ಮೂಸಿ ದಂಡೆಯ ಈಗಿನ ಕಟ್ಟಡಕ್ಕೆ ಬಂತು.

ಹೋದ ವರ್ಷ ಊರಿಂದ ನಮ್ಮ ಕಾಕಾ ಬಂದಿದ್ದರು. ಮೂರು ತಾಸು ಸುತ್ತಿದರು, ಒಂದು ಮಾತೂ ಆಡಲಿಲ್ಲ. ಹೊರಗೆ ಬಂದು ಚಹಾ ಕುಡಿಯುವಾಗ ಕೇಳಿದರು: "ತಮ್ಮಾ, ಇಷ್ಟೆಲ್ಲಾ ಕೊಳ್ಳಾಕ ಆ ಪುಣ್ಯಾತ್ಮಗ ರೊಕ್ಕ ಎಲ್ಲಿಂದ ಬಂತು?"

"ನಮ್ಮೂರಿಂದಾನ, ಕಾಕಾ" ಅಂದೆ.

ತಮಾಷೆಗೆ ಹೇಳಿದ್ದಲ್ಲ. ಕೊಪ್ಪಳ ಸಾಲಾರ್ ಜಂಗರ ಜಾಗೀರು. 1949ರಲ್ಲಿ ಹೈದರಾಬಾದ್ ಸಂಸ್ಥಾನದ ಜಾಗೀರುಗಳು ರದ್ದಾಗುವವರೆಗೂ ನಮ್ಮ ಎರೆಹೊಲದ ಜೋಳದ ಕಂದಾಯ ಆ ಮನೆತನಕ್ಕೆ ಸಲ್ಲುತ್ತಿತ್ತು. ಮೊದಲನೆಯ ಸಾಲಾರ್ ಜಂಗ್ ಇಟಲಿಯಲ್ಲಿ ಆ ರೆಬೆಕಾಳನ್ನು ಕೊಂಡದ್ದು 1876ರಲ್ಲಿ. ಅದೇ ವರ್ಷ ನಮ್ಮ ಕಡೆ ಧಾತು ಸಂವತ್ಸರದ ಬರ ಶುರುವಾಯಿತು. ಎರಡನ್ನೂ ಜೋಡಿಸಿ ಆ ದಿವಾನನನ್ನು ಕಟಕಟೆಗೆ ಹತ್ತಿಸುವುದು ನನ್ನ ಉದ್ದೇಶವಲ್ಲ. ಆತ ಒಳ್ಳೆಯ ಆಡಳಿತಗಾರನೆಂದೇ ಹೆಸರಾದವನು. ಆದರೆ ಶಿಲ್ಪದ ಕೆಳಗೆ ಬೆಂಜೋನಿ ಎಂಬ ಶಿಲ್ಪಿಯ ಹೆಸರು, ಕೊಂಡವನ ಹೆಸರು ಎರಡೂ ಉಳಿದು, ಹಣ ತೆತ್ತವನ ಹೆಸರು ಎಲ್ಲೂ ಇಲ್ಲದಿರುವುದು ಕಾಕಾ ಕೇಳಿದ ಮೇಲೆ ನನಗೂ ಚುಚ್ಚತೊಡಗಿತು.

ಆಟಿಕೆಗೆ ಬರುತ್ತೇನೆ. 1893ರಲ್ಲಿ ಲಂಡನ್ನಿನ ಬ್ರಿಟನ್ ಎಂಬ ಕುಟುಂಬದವರು ಸೀಸದ ಸೈನಿಕರನ್ನು ಒಳಗೆ ಟೊಳ್ಳಾಗಿ ಎರಕ ಹೊಯ್ಯುವ ಉಪಾಯ ಕಂಡುಹಿಡಿದರು. ಸೀಸ ಕಡಿಮೆ ಬೇಕಾಯಿತು, ಬೆಲೆ ಇಳಿಯಿತು, ಮನೆಮನೆಗೂ ಒಂದು ದಂಡು ಬಂತು. 1913ರಲ್ಲಿ ಎಚ್. ಜಿ. ವೆಲ್ಸ್ ಈ ಸೈನಿಕರನ್ನಿಟ್ಟುಕೊಂಡು ಆಡುವ ಯುದ್ಧಕ್ಕೆ ನಿಯಮಗಳನ್ನು ಬರೆದು ಒಂದು ಪುಸ್ತಕವನ್ನೇ ತಂದ. ನಿಜವಾದ ಯುದ್ಧಕ್ಕಿಂತ ಈ ಚಿಕ್ಕ ಯುದ್ಧ ಎಷ್ಟೋ ಮೇಲು ಎಂಬುದು ಅವನ ವಾದ. ಮರುವರ್ಷವೇ ಮಹಾಯುದ್ಧ ಶುರುವಾಯಿತು. ಆಟಿಕೆಯಿಂದ ಯುದ್ಧ ಬಂತೆಂದು ಯಾರೂ ಹೇಳಲಾರರು, ಆಟಿಕೆ ಅದನ್ನು ತಡೆಯಲಿಲ್ಲ ಎಂಬುದಂತೂ ನಿಜ.

ಆಟಿಕೆಗೂ ಆಯುಧಕ್ಕೂ ನಡುವಿನ ಗೆರೆ ಎಷ್ಟು ತೆಳುವೆಂದು ತಿಳಿಯಲು ಟಿಪ್ಪುವಿನ ಹುಲಿಯೊಂದೇ ಸಾಕು. ಟಿಪ್ಪು ಒಳ್ಳೆಯವನೋ ಕೆಟ್ಟವನೋ ಎಂಬ ಜಗಳ ಇಲ್ಲಿ ಬೇಡ, ಅದಕ್ಕೆ ಬೇರೆ ಜಾಗಗಳು ಬೇಕಾದಷ್ಟಿವೆ. ಕಟ್ಟಿಗೆಯ ಹುಲಿ, ಅದರ ಕೆಳಗೆ ಬಿದ್ದ ಒಬ್ಬ ಬಿಳಿಯ. ಹಿಡಿಕೆ ತಿರುವಿದರೆ ಹುಲಿ ಗುರುಗುಟ್ಟುತ್ತದೆ, ಮನುಷ್ಯ ನರಳುತ್ತಾನೆ. ಶ್ರೀರಂಗಪಟ್ಟಣದಲ್ಲಿ ಅದು ರಾಜನ ಆಟಿಕೆ. 1799ರ ಮೇ 4ರಂದು ಕೋಟೆ ಬಿದ್ದ ಮೇಲೆ ಲಂಡನ್ನಿಗೆ ಹೋಗಿ ಈಸ್ಟ್ ಇಂಡಿಯಾ ಕಂಪನಿಯ ವಿಜಯದ ಗುರುತಾಯಿತು. ಅಲ್ಲಿನ ಜನ ಬಂದು ಬಂದು ಹಿಡಿಕೆ ತಿರುವಿ, ಪಕ್ಕದಲ್ಲಿ ಓದಲು ಕೂತವರಿಗೆ ತಲೆನೋವು ತಂದರಂತೆ. ತಮ್ಮವನೇ ಸಾಯುವ ಸದ್ದು ಅವರಿಗೆ ಮೋಜಾಯಿತು. ಗೆದ್ದವನ ಮನೆಯಲ್ಲಿ ಸೋತವನ ದ್ವೇಷ ಕೂಡ ಆಟಿಕೆಯೇ.

ಅದೇ ಕೋಟೆಯಲ್ಲಿದ್ದ ಸಿಂಹಾಸನದ ಗತಿ ಇನ್ನೂ ಸ್ಪಷ್ಟ. ಅದನ್ನು ಒಡೆದು ಚೂರು ಮಾಡಿ ಹಂಚಿಕೊಂಡರು. ಇವತ್ತು ಒಂದು ಹುಲಿಮುಖ ವೇಲ್ಸ್‌ನ ಪೋವಿಸ್ ಕೋಟೆಯಲ್ಲಿದೆ, ದೊಡ್ಡ ಹುಲಿತಲೆ ವಿಂಡ್ಸರಿನಲ್ಲಿದೆ. ಕೂಡಿಡುವುದು ಎನ್ನುತ್ತೇವೆ, ಆದರೆ ಎಷ್ಟೋ ಸಂಗ್ರಹಗಳು ಮೊದಲು ಒಡೆಯುವುದರಿಂದಲೇ ಶುರುವಾಗಿವೆ.

ಹೈದರಾಬಾದಿನಲ್ಲಿ ಕೂತು ಇದನ್ನು ಬರೆಯುವಾಗ ಬರೀ ಇಂಗ್ಲಿಷರನ್ನು ಬೈದು ಮುಗಿಸುವಂತಿಲ್ಲ. ಆ ಯುದ್ಧದಲ್ಲಿ ನಿಜಾಮನ ದಂಡೂ ಇತ್ತು, ಅದರ ಮುಂದಾಳು ಮೀರ್ ಆಲಂ. ಸಾಲಾರ್ ಜಂಗ್ ಮನೆತನಕ್ಕೂ ಅವನಿಗೂ ಹೆಣ್ಣು ಕೊಟ್ಟು ತಂದ ಸಂಬಂಧ. ಶ್ರೀರಂಗಪಟ್ಟಣದಲ್ಲಿ ತನ್ನ ಪಾಲಿಗೆ ಬಂದ ಹಣದಿಂದ ಅವನು ಕಟ್ಟಿಸಿದ್ದೆಂದು ಹೇಳುವ ಕೆರೆ ಈಗಲೂ ಇದೆ, ಝೂ ಪಾರ್ಕಿನ ಪಕ್ಕದಲ್ಲಿ. ಬೆಂಗಳೂರು ಹೆದ್ದಾರಿಗೆ ಆರಾಂಘರ್ ಕಡೆಯಿಂದ ಹೊರಟವರು ಅದರ ಹತ್ತಿರವೇ ಹಾದುಹೋಗುತ್ತಾರೆ. ಕಟ್ಟೆಗೆ ಇಪ್ಪತ್ತೊಂದು ಕಮಾನುಗಳು, ನೀರಿನ ಭಾರಕ್ಕೆ ಎದೆಕೊಟ್ಟು ನಿಂತಂತೆ ಬಾಗಿದವು. ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಬರುವವರೆಗೆ ನೂರು ವರ್ಷಕ್ಕೂ ಹೆಚ್ಚು ಕಾಲ ಈ ಊರಿಗೆ ಕುಡಿಯುವ ನೀರು ಕೊಟ್ಟದ್ದು ಅದು. ಲೂಟಿಯ ಒಂದು ಪಾಲು ಗಾಜಿನ ಪೆಟ್ಟಿಗೆ ಸೇರಿತು, ಇನ್ನೊಂದು ಪಾಲು ನೀರಾಯಿತು. ಯಾವುದು ಮೇಲು? ಮನಸ್ಸು ಥಟ್ಟನೆ ನೀರು ಅನ್ನುತ್ತದೆ. ಆದರೆ ಬಾಯಾರಿದವನಿಗೆ ನೀರು ಯಾರ ರಕ್ತದ್ದೆಂದು ಹೇಳುವವರಾರು? ಗಾಜಿನೊಳಗಿನ ವಸ್ತುವಾದರೂ ಕೇಳಿದವನಿಗೆ ಉತ್ತರ ಕೊಡುವ ಹಂಗಿನಲ್ಲಿರುತ್ತದೆ.

ಹರಾಜಿನ ಲೋಕಕ್ಕೆ ಆ ಹಂಗೂ ಇಲ್ಲ. 2023ರ ಮೇ ತಿಂಗಳಲ್ಲಿ ಲಂಡನ್ನಿನ ಬಾನಮ್ಸ್‌ನಲ್ಲಿ ಟಿಪ್ಪುವಿನ ಮಲಗುವ ಮನೆಯ ಕತ್ತಿ 1.4 ಕೋಟಿ ಪೌಂಡಿಗೆ ಹೋಯಿತು. ಅದಕ್ಕೂ ಮುಂಚೆ ವಿಜಯ್ ಮಲ್ಯ ಇನ್ನೊಂದು ಕತ್ತಿಯನ್ನು ಕೊಂಡಾಗ ಕರ್ನಾಟಕದಲ್ಲಿ ಎಷ್ಟು ಸಂಭ್ರಮವಾಗಿತ್ತು! 2016ರಲ್ಲೇ ಅದನ್ನು ಯಾರಿಗೋ ಕೊಟ್ಟುಬಿಟ್ಟರಂತೆ ಎಂದು ಲಂಡನ್ ಕೋರ್ಟಿನ ಕಲಾಪದಿಂದ ನಮಗೆ ತಿಳಿದದ್ದು 2018ರಲ್ಲಿ. ಕೊಳ್ಳುವ ಶಕ್ತಿಯಿದ್ದವನು ಕೊಡುವ ಹಕ್ಕನ್ನೂ ಪಡೆಯುತ್ತಾನೆ. ಕಾನೂನು ಹಾಗೆನ್ನುತ್ತದೆ. ಮನಸ್ಸು ಒಪ್ಪುವುದಿಲ್ಲ, ಯಾಕೆ?

ಬೇರೆ ಥರದ ಕೊಳ್ಳುವಿಕೆಯೂ ಈ ಊರಿನಲ್ಲಿ ನಡೆದಿದೆ. 1901ರಲ್ಲಿ ನವಾಬ್ ಜಫರ್ ಜಂಗ್ ಎಂಬಾತ ಇಂಗ್ಲೆಂಡಿನಿಂದ ಹದಿನೈದು ಇಂಚಿನ ಗ್ರಬ್ ದೂರದರ್ಶಕ ತರಿಸಿ ಫಿಸಲ್ ಬಂಡಾದ ತನ್ನ ಎಸ್ಟೇಟಿನಲ್ಲಿ ನಿಲ್ಲಿಸಿದ. ನಕ್ಷತ್ರಗಳ ಫೋಟೋ ತೆಗೆಯಲು ಎಂಟು ಇಂಚಿನ ಇನ್ನೊಂದನ್ನೂ ಕೊಂಡಿದ್ದ. ಅದೂ ಜಾಗೀರುದಾರನ ಹವ್ಯಾಸವೇ, ಹಣದ ಮೂಲವೂ ಬೇರೆಯಲ್ಲ. ಆದರೆ ತಾನು ಸತ್ತ ಮೇಲೆ ಅದು ಸರ್ಕಾರಕ್ಕೆ ಹೋಗಬೇಕೆಂದ. 1908ರಲ್ಲಿ ಅದು ನಿಜಾಮಿಯಾ ವೀಕ್ಷಣಾಲಯವಾಗಿ ಸರ್ಕಾರದ ಕೈಗೆ ಬಂತು. ಜಗತ್ತಿನ ವೀಕ್ಷಣಾಲಯಗಳು ಆಕಾಶವನ್ನು ಹಂಚಿಕೊಂಡು ನಕ್ಷೆ ಮಾಡುತ್ತಿದ್ದ ಕಾಲವದು. ಹೈದರಾಬಾದಿನ ಪಾಲಿಗೆ ಬಂದ ಪಟ್ಟಿಯಲ್ಲಿ ಏಳೂವರೆ ಲಕ್ಷಕ್ಕೂ ಹೆಚ್ಚು ನಕ್ಷತ್ರಗಳ ಸ್ಥಾನವನ್ನು ಇಲ್ಲಿನವರು ಅಳೆದು ಬರೆದಿಟ್ಟರು. ಬೇಗಂಪೇಟೆಯಲ್ಲಿ ಅದರ ಆವರಣದಲ್ಲಿ ಈಗ ಆರ್ಥಿಕ, ಸಾಮಾಜಿಕ ಅಧ್ಯಯನಗಳ ಸಂಸ್ಥೆಯಿದೆ. ಯಂತ್ರ ಸುಮ್ಮನಾದರೂ ಬರೆದಿಟ್ಟದ್ದು ಉಳಿದಿದೆ. ಇಟ್ಟುಕೊಳ್ಳುವುದಕ್ಕಿಂತ ಬರೆದಿಡುವುದು ದೊಡ್ಡದಿರಬಹುದೆಂಬ ಯೋಚನೆ ನನಗೆ ಬಂದದ್ದು ಇಲ್ಲಿಂದ.

ನನ್ನ ಗೆಳೆಯನೊಬ್ಬನಿದ್ದಾನೆ. ಹುಬ್ಬಳ್ಳಿಯವನು, ಮಾಧಾಪುರದಲ್ಲಿ ಕೆಲಸ. ಗುರುವಾರ ರಜೆ ಸಿಕ್ಕರೆ ಜುಮೇರಾತ್ ಬಜಾರಿಗೆ ಹೋಗುತ್ತಾನೆ. ಅಲ್ಲಿ ಲಂಡನ್ ಎಂದು ಕೆತ್ತಿದ ಹಿತ್ತಾಳೆಯ ದಿಕ್ಸೂಚಿಗಳೂ ಸಿಗುತ್ತವೆ, ಬಹುಪಾಲು ನಮ್ಮ ಉತ್ತರದ ಊರುಗಳಲ್ಲೇ ಮೊನ್ನೆ ಮೊನ್ನೆ ಮಾಡಿದ್ದು. ಅವನಿಗೆ ಬೇಕಾದದ್ದು ಪದಕಗಳು. ಒಮ್ಮೆ ಒಂದು ಬೆಳ್ಳಿಯ ಪದಕ ತೋರಿಸಿದ. 1914ರಿಂದ 1918ರ ಯುದ್ಧದ್ದು. ಅದರ ಅಂಚಿನ ಮೇಲೆ ಸಣ್ಣ ಅಕ್ಷರದಲ್ಲಿ ಒಬ್ಬ ಸಿಪಾಯಿಯ ನಂಬರು, ಹೆಸರು, ದಳ. ಊರಿನ ಹೆಸರಿಲ್ಲ. ಇಂಥದ್ದನ್ನು ಇಟ್ಟುಕೊಳ್ಳುವುದು ಸರಿಯೇನೋ, ಅವರ ಮೊಮ್ಮಕ್ಕಳು ಎಲ್ಲಾದರೂ ಇರಬಹುದಲ್ಲ ಅಂದೆ.

"ನಾ ತಗೊಳ್ಳಲಿಲ್ಲಂದ್ರ ನಾಳಿಗೆ ಕರಗಿಸಿ ಯಾರದರೆ ಕಾಲುಂಗರ ಮಾಡತಿದ್ರು" ಅಂದ.

ಸುಳ್ಳಲ್ಲ. ಬೆಳ್ಳಿಯ ರೇಟು ಏರಿದಾಗಲೆಲ್ಲ ಇಂಥ ಪದಕಗಳು ಮೂಸೆಗೆ ಬಿದ್ದಿವೆ. ಕಾಲುಂಗುರವಾದರೆ ತಪ್ಪೇನು ಎಂದೂ ಒಂದು ಕ್ಷಣ ಅನ್ನಿಸಿತು. ಯಾವುದೋ ಹೆಣ್ಣುಮಗಳ ಕಾಲಲ್ಲಿ ಬದುಕಿನ ಜೊತೆ ತಿರುಗಾಡಲಿ ಬಿಡಿ. ಆದರೆ ಕಾಲುಂಗುರದ ಮೇಲೆ ಆ ಹೆಸರಿರುವುದಿಲ್ಲ. ಗೆಳೆಯ ದುಡ್ಡು ಕೊಟ್ಟು ಪಡೆದದ್ದು ಬೆಳ್ಳಿಯನ್ನು. ಹೆಸರನ್ನು ಯಾರೂ ಮಾರಲಾರರು, ಹಾಗಾಗಿ ಯಾರೂ ಕೊಳ್ಳಲಾರರು. ಅದು ಅವನ ಬಳಿ ಇಡಗಂಟು. ಹಳ್ಳಿಯಲ್ಲಿ ದೂರ ಹೋಗುವವರು ನಂಬಿಕೆಯ ಮನೆಯಲ್ಲಿ ಗಂಟು ಇಟ್ಟು ಹೋಗುತ್ತಿದ್ದರಲ್ಲ, ಹಾಗೆ. ಗಂಟು ಕಾಯುವವನು ಅದರ ಒಡೆಯನಲ್ಲ. ಆದರೆ ಗಂಟು ಯಾರದೆಂದು ಮರೆತರೆ ಅವನು ಕಳ್ಳನೇ ಆಗುತ್ತಾನೆ. ಕತ್ತಿ ಕೊಟ್ಟುಬಿಟ್ಟ ಸುದ್ದಿಗೆ ಮನಸ್ಸು ಒಪ್ಪದಿದ್ದುದಕ್ಕೆ ಕಾರಣವೂ ಇದೇ ಇರಬೇಕು.

ಹೀಗೆ ನೋಡಿದರೆ ಸಾಲಾರ್ ಜಂಗರ ಮೇಲೆ ನನಗೆ ಪೂರ್ತಿ ಸಿಟ್ಟಿಲ್ಲ. ಚದುರಿಹೋಗಬಹುದಾದದ್ದು ಒಂದು ಕಡೆ ಉಳಿಯಿತು, ಟಿಕೆಟ್ ಕೊಂಡವರೆಲ್ಲ ನೋಡಬಹುದಾಯಿತು, ಕಾಕಾ ಬಂದು ಪ್ರಶ್ನೆ ಕೇಳುವಂತಾಯಿತು. ಖಾಸಗಿ ತಿಜೋರಿಯ ಮುಂದೆ ಯಾವ ಕಾಕಾ ನಿಂತು ಕೇಳುತ್ತಾರೆ? ಆದರೆ ರಾಜನ ಹೆಸರು ಕತ್ತಿಯ ಮೇಲಿರುತ್ತದೆ, ಸಿಪಾಯಿಯದು ಪದಕದ ಅಂಚಿನಲ್ಲಾದರೂ ಇರುತ್ತದೆ. ಜೋಳ ಬೆಳೆದವನ ಹೆಸರಿಗೆ ಯಾವ ವಸ್ತುವಿನಲ್ಲೂ ಅಂಚೇ ಇಲ್ಲ.

ಗೆಳೆಯ ಈಗ ಒಂದು ನೋಟ್‌ಬುಕ್ ಇಟ್ಟಿದ್ದಾನೆ. ಪ್ರತಿ ಪದಕಕ್ಕೂ ಒಂದು ಪುಟ: ಅಂಚಿನ ಮೇಲಿನ ಹೆಸರು, ದಳ, ಎಲ್ಲಿ ಸಿಕ್ಕಿತು, ಎಷ್ಟು ಕೊಟ್ಟೆ, ಯಾರು ಕೊಟ್ಟರು. ಆ ಬೆಳ್ಳಿ ಪದಕದ ಪುಟದಲ್ಲಿ ಕೊನೆಯ ಸಾಲು ಹೀಗಿದೆ: ಮುದುಕಿ, ಗಂಡನ ಮನೆಯದಂತೆ, ಹೆಸರು ಹೇಳಲಿಲ್ಲ, ಹೇಳಿದ ರೇಟು ಕೊಟ್ಟೆ.